ಎರಡನೆಯ ಅಕ್ಷರಾಭ್ಯಾಸ

ದೃಷ್ಟಿ ಮಂದವಾದವರು ಕನ್ನಡಕವನ್ನು ಹಾಕಿಕೊಂಡೊಡನೆ ಗೋಡೆಯ ಮೇಲಿನ ಕ್ಯಾಲೆಂಡರಿನ ಅಕ್ಷರಗಳು ಅವರಿಗೆ ಸ್ಪಷ್ಟವಾಗಿ ಕಾಣುತ್ತವೆ. ಅರ್ಧ ಗಂಟೆ ಕಳೆಯುವುದರೊಳಗೆ ಅವರು ಕನ್ನಡಕವನ್ನೇ ಮರೆತು ಓದುತ್ತ ಕುಳಿತಿರುತ್ತಾರೆ. ಕಿವಿ ಮಂದವಾದವರಿಗೆ ಶ್ರವಣಸಾಧನವನ್ನು ತೊಡಿಸಿದಾಗಲೂ ಹೀಗೆಯೇ ಆಗಬೇಕೆಂದು ನಾವೆಲ್ಲರೂ ನಿರೀಕ್ಷಿಸುತ್ತೇವೆ. ಆದರೆ ಹಾಗಾಗುವುದಿಲ್ಲ. ಮೊದಲ ದಿನ ಕಿವಿಗೆ ಬಂದು ಬೀಳುವುದು ಮೊಮ್ಮಗಳ ಮುದ್ದು ಮಾತಲ್ಲ. ತಲೆಯ ಮೇಲೆ ತಿರುಗುವ ಫ್ಯಾನಿನ ಭರಾಟೆ, ಅಡಿಗೆಯ ಮನೆಯಲ್ಲಿ ಸ್ಟೀಲಿನ ಪಾತ್ರೆಗಳು ಒಂದಕ್ಕೊಂದು ತಾಗುವ ಕರ್ಕಶ ಸದ್ದು, ವೃತ್ತಪತ್ರಿಕೆಯ ಹಾಳೆ ಮಗುಚುವಾಗಿನ ಪರಪರ ಶಬ್ದ, ಇವೆಲ್ಲಕ್ಕೂ ಮಿಗಿಲಾಗಿ ಕೊಡದೊಳಗಿನಿಂದ ಮಾತನಾಡಿದಂತೆ ಕೇಳಿಸುವ ತಮ್ಮದೇ ಧ್ವನಿ. "ಇದಕ್ಕಿಂತ ಮೊದಲಿದ್ದುದೇ ನೆಮ್ಮದಿ" ಎಂದು ಹೇಳಿ ಹಿರಿಯರು ಅದನ್ನು ಕಳಚಿ ಮೇಜಿನ ಖಾನೆಯಲ್ಲಿಡುತ್ತಾರೆ. ಜನ ತಮ್ಮೊಳಗೆ 'ಕಿವಿ ಮಿಷನ್' ಎಂದು ಕರೆಯುವ, ಸಾವಿರಾರು ರೂಪಾಯಿ ಬೆಲೆಬಾಳುವ ಆ ವಸ್ತು ಎಷ್ಟೋ ಮನೆಗಳಲ್ಲಿ ಹಳೆಯ ಬೀಗದ ಕೈಗಳ ಜೊತೆಗೆ ಬಿದ್ದುಕೊಂಡಿರುವುದುಂಟು.

ಯಂತ್ರ ಕೆಟ್ಟಿದೆಯೆ? ಬಹುತೇಕ ಸಂದರ್ಭಗಳಲ್ಲಿ ಇಲ್ಲ. ಅದನ್ನು ಕಳಚಿಟ್ಟವರು ಹಠಮಾರಿಗಳೆ? ಅವರೂ ಅಲ್ಲ. ನಾವು ಕೇಳುವುದು ಕಿವಿಯಿಂದ ಎಂಬ ನಮ್ಮ ತಿಳಿವಳಿಕೆಯೇ ಅರ್ಧ ಸತ್ಯ. ಕಿವಿ ಸದ್ದನ್ನು ಒಳಗೆ ತರುತ್ತದೆ, ಕೇಳುವುದು ಮಿದುಳು. ಶ್ರವಣಸಾಧನವು ಸದ್ದನ್ನು ಒಂದೇ ದಿನದಲ್ಲಿ ಹಿಂದಕ್ಕೆ ತಂದುಕೊಡಬಲ್ಲುದು. ಕೇಳುವುದನ್ನು ಮಾತ್ರ ಮಿದುಳು ಮತ್ತೊಮ್ಮೆ ಕಲಿಯಬೇಕಾಗುತ್ತದೆ. ಅದು ಹೇಗೆ, ಏಕೆ, ಎಷ್ಟು ದಿನ ಎಂಬುದನ್ನು ಮನೆಯ ಕಿರಿಯರು ಅರಿತುಕೊಂಡರೆ ಆ ಮೇಜಿನ ಖಾನೆಯ ಬಾಗಿಲನ್ನು ಮತ್ತೆ ತೆರೆಯಿಸಬಹುದೆಂದು ನಮ್ಮ ನಂಬಿಕೆ.

ಒಳಗಿವಿಯ ವೀಣೆ

ಗಾಳಿಯಲ್ಲಿ ತೇಲಿ ಬಂದ ಶಬ್ದದ ಅಲೆಗಳು ಕಿವಿಯ ತಮಟೆಯನ್ನು ಅಲುಗಿಸುತ್ತವೆ. ತಮಟೆಯ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಕಿರುಮೂಳೆಗಳಿವೆ. ಇವುಗಳಲ್ಲಿ ರಿಕಾಪು ಸುಮಾರು 3 ಮಿಲಿಮೀಟರ್ ಉದ್ದದ್ದು. ನಮ್ಮ ಶರೀರದ ಮೂಳೆಗಳಲ್ಲೆಲ್ಲ ಅತಿ ಚಿಕ್ಕದು. ಈ ಮೂಳೆಗಳು ತಮಟೆಯ ಅಲುಗಾಟವನ್ನು ಒಳಗಿವಿಯ ದ್ರವಕ್ಕೆ ದಾಟಿಸುತ್ತವೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುರುಳಿ ಸುತ್ತಿಕೊಂಡಿರುವ ಕಾಕ್ಲಿಯ ಎಂಬ ನಾಳವಿದೆ. ಬಿಡಿಸಿ ಹಾಸಿದರೆ ಅದರ ಉದ್ದ ಸುಮಾರು 35 ಮಿಲಿಮೀಟರ್ ಮಾತ್ರ. ಅಷ್ಟು ಜಾಗದಲ್ಲಿ ಸುಮಾರು 15,000 ರೋಮಕೋಶಗಳು ಸಾಲಾಗಿ ನಿಂತಿವೆ.

ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳಲ್ಲಿ ಒಂದೊಂದಕ್ಕೂ ಒಂದೊಂದು ಸ್ವರಸ್ಥಾನವಿರುವಂತೆ ಈ ನಾಳದಲ್ಲಿಯೂ ಒಂದೊಂದು ಎಡೆಗೆ ಒಂದೊಂದು ಸ್ಥಾಯಿ ಗೊತ್ತಾಗಿದೆ. ಬಾಗಿಲಿನ ಬಳಿಯ ಕೋಶಗಳು ಹೆಚ್ಚಿನ ಸ್ಥಾಯಿಯ ಕೀಚಲು ಸದ್ದುಗಳಿಗೆ, ಸುರುಳಿಯ ತುದಿಯಲ್ಲಿರುವ ಕೋಶಗಳು ತಗ್ಗಿನ ಸ್ಥಾಯಿಯ ಗಂಭೀರ ಸದ್ದುಗಳಿಗೆ ಎಚ್ಚರಗೊಳ್ಳುತ್ತವೆ. ಶಬ್ದದ ಅಲೆ ಈ ನಾಳದಲ್ಲಿ ಹೇಗೆ ಸಾಗುತ್ತದೆಂಬುದನ್ನು ಕಣ್ಣಾರೆ ಕಂಡು ಹೇಳಿದವನು ಹಂಗೆರಿ ದೇಶದ ಗಿಯಾರ್ಗ್ ಫಾನ್ ಬೇಕೆಷಿ. ಆತ ವೈದ್ಯನಲ್ಲ, ಬುಡಾಪೆಸ್ಟಿನ ಟೆಲಿಫೋನ್ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಭೌತವಿಜ್ಞಾನಿ. ಒಳ್ಳೆಯ ಟೆಲಿಫೋನು ಮಾಡಬೇಕಾದರೆ ಅದರ ಸದ್ದನ್ನು ಕೇಳುವ ಕಿವಿ ಹೇಗಿದೆಯೆಂದು ಮೊದಲು ತಿಳಿಯಬೇಕಲ್ಲವೆ? ಆ ಶೋಧನೆಗಾಗಿ 1961ರಲ್ಲಿ ಆತನಿಗೆ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು.

ಈ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಕೋಳಿಗೆ ಹುಟ್ಟುತ್ತವೆ, ನಮಗಿಲ್ಲ! ವಯಸ್ಸಾಗುವಿಕೆಯಾಗಲಿ ಅತಿಯಾದ ಗದ್ದಲವಾಗಲಿ ಮೊದಲು ಬಲಿ ತೆಗೆದುಕೊಳ್ಳುವುದು ಸಾಮಾನ್ಯವಾಗಿ ಹೆಚ್ಚಿನ ಸ್ಥಾಯಿಯ ಕೋಶಗಳನ್ನೇ. ಯೌವನದಲ್ಲಿ ನಾವು ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಸದ್ದುಗಳನ್ನು ಕೇಳಬಲ್ಲೆವು. ಮೇಲ್ತುದಿಯಿಂದ ಈ ಎಲ್ಲೆ ವರುಷ ವರುಷಕ್ಕೂ ಕೆಳಗಿಳಿಯುತ್ತ ಬರುತ್ತದೆ. ಇಳಿಯುವುದು ಎಷ್ಟು ಮೆಲ್ಲಗೆಂದರೆ ಇಳಿಯಿತೆಂಬುದು ಇಳಿದವರಿಗೇ ತಿಳಿಯುವುದಿಲ್ಲ.

ವ್ಯಂಜನವಿಲ್ಲದ ಊಟ

ಕಿವಿ ಮಂದವಾದ ಹಿರಿಯರನ್ನು ಕೇಳಿ ನೋಡಿ. "ಮಾತು ಕೇಳಿಸುತ್ತದೆ, ಆದರೆ ಏನು ಹೇಳಿದರೆಂದು ತಿಳಿಯುವುದಿಲ್ಲ" ಎನ್ನುತ್ತಾರೆ. ಮನೆಯವರಿಗೆ ಇದು ನೆಪವೆಂದು ತೋರುತ್ತದೆ. "ಬೇಕಾದುದು ಮಾತ್ರ ಕೇಳಿಸುತ್ತದೆ" ಎಂಬ ಕೊಂಕು ನುಡಿಯೂ ಹೊರಡುತ್ತದೆ. ಆದರೆ ಅವರು ಹೇಳಿದುದು ಅಕ್ಷರಶಃ ನಿಜ.

ಅ, ಆ, ಉ, ಓ ಮೊದಲಾದ ಸ್ವರಗಳ ಬಲವೆಲ್ಲ ಬಹುಮಟ್ಟಿಗೆ ತಗ್ಗಿನ ಸ್ಥಾಯಿಯಲ್ಲಿದೆ. ಅವು ಗಟ್ಟಿಯಾದ ಸದ್ದುಗಳು. ಕ, ತ, ಪ, ಸ, ಶ ಮೊದಲಾದ ವ್ಯಂಜನಗಳಾದರೋ ತೀರ ಮೆಲುವಾದವು, ಕ್ಷಣಮಾತ್ರ ಇರುವಂಥವು. ಅವುಗಳ ಗುರುತೆಲ್ಲ ಇರುವುದು ಹೆಚ್ಚಿನ ಸ್ಥಾಯಿಯಲ್ಲಿ. 'ಸ'ಕಾರದ ಸುಯ್ಯೆಂಬ ಸದ್ದಿನ ಬಹುಭಾಗ ಸೆಕೆಂಡಿಗೆ 4,000 ಕಂಪನಗಳಿಗಿಂತ ಮೇಲಿದೆ. ಹೆಚ್ಚಿನ ಸ್ಥಾಯಿಯ ಕೋಶಗಳು ಹೋದವರಿಗೆ ಮಾತಿನ ಸ್ವರಗಳು ಉಳಿದು ವ್ಯಂಜನಗಳು ಉದುರಿಹೋಗುತ್ತವೆ. ನಮ್ಮ ಭಾಷೆಯಲ್ಲಿ ವ್ಯಂಜನವೆಂದರೆ ಅನ್ನದೊಡನೆ ಕಲಸಿಕೊಳ್ಳುವ ಪಲ್ಯ, ಹುಳಿ ಎಂಬ ಅರ್ಥವೂ ಉಂಟಷ್ಟೆ. ಇವರ ಎಲೆಯಲ್ಲಿ ಅನ್ನ ಬೇಕಾದಷ್ಟಿದೆ, ವ್ಯಂಜನವೇ ಇಲ್ಲ.

ಹಾಲು, ಕಾಲು, ಪಾಲು, ಸಾಲು — ಈ ನಾಲ್ಕು ಪದಗಳನ್ನು ಮೆಲ್ಲನೆ ಹೇಳಿಕೊಳ್ಳಿರಿ. ಮೊದಲ ವ್ಯಂಜನವೊಂದನ್ನು ಕಿತ್ತರೆ ನಾಲ್ಕೂ ಒಂದೇ. "ಹಾಲು ಎಲ್ಲಿಗೆ ಬಂತು?" ಎಂದು ಸೊಸೆ ಕೇಳಿದರೆ ಮಾವನವರ ಕಿವಿಗೆ ಬೀಳುವುದು "_ಆಲು ಎಲ್ಲಿಗೆ ಬಂತು" ಎಂಬುದಷ್ಟೇ. ಅವರು ಆಸ್ತಿಯ ಪಾಲಿನ ಮಾತೆಂದು ಊಹಿಸಿ ಕೋಪಗೊಂಡರೆ ಅದರಲ್ಲಿ ಆಶ್ಚರ್ಯವೇನು? ಕಿವುಡರ ಉತ್ತರಗಳನ್ನು ಕುರಿತು ನಾವು ಹೇಳಿಕೊಂಡು ನಗುವ ಹಾಸ್ಯಕಥೆಗಳಲ್ಲಿ ಬಹುಪಾಲು ಹೀಗೆ ಉದುರಿಹೋದ ವ್ಯಂಜನಗಳ ಕಥೆಗಳೇ. ಕೇಳುವವರು ಪ್ರತಿ ವಾಕ್ಯವನ್ನೂ ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಂತೆ ಬಿಡಿಸುತ್ತಿರುತ್ತಾರೆ. ದಿನವಿಡೀ ಈ ಪರೀಕ್ಷೆ ಬರೆದ ಮಿದುಳು ಸಂಜೆಗೆ ಬಳಲುತ್ತದೆ. ಆಮೇಲೆ ಅವರು ಹರಟೆಯಿಂದ ಎದ್ದುಹೋಗಿ ಕೋಣೆಯಲ್ಲಿ ಒಬ್ಬರೇ ಕುಳಿತುಕೊಳ್ಳುತ್ತಾರೆ. ಕಿವಿಯ ತೊಂದರೆಯಲ್ಲಿ ನಿಜವಾಗಿ ಭಯಪಡಬೇಕಾದುದು ಈ ಎದ್ದುಹೋಗುವಿಕೆಗೆ.

ಹಾಗಾದರೆ ಗಟ್ಟಿಯಾಗಿ ಕೂಗಿ ಹೇಳಿದರಾಯಿತಲ್ಲ ಎನ್ನಬಹುದು. ಇಲ್ಲಿ ಇನ್ನೊಂದು ತೊಡಕಿದೆ. ಒಳಗಿವಿಯ 15,000 ಕೋಶಗಳಲ್ಲಿ ಸುಮಾರು 12,000 ಹೊರಸಾಲಿನವು. ಇವುಗಳ ಕೆಲಸ ಮೆಲುಸದ್ದುಗಳನ್ನು ಹಿಗ್ಗಿಸುವುದು. ಗಟ್ಟಿಯಾದ ಸದ್ದುಗಳನ್ನು ಇವು ಮುಟ್ಟುವುದಿಲ್ಲ. ಇವು ಸತ್ತರೆ ಮೆಲುಸದ್ದು ಕೇಳಿಸುವುದೇ ಇಲ್ಲ, ಗಟ್ಟಿ ಸದ್ದಾದರೋ ಮೊದಲಿನಷ್ಟೇ ಗಟ್ಟಿಯಾಗಿ ಬಂದು ಅಪ್ಪಳಿಸುತ್ತದೆ. ಕೇಳಿಸದಿರುವುದಕ್ಕೂ ಸಹಿಸಲಾರದಿರುವುದಕ್ಕೂ ನಡುವಣ ಅಂತರ ತೀರ ಕಿರಿದಾಗಿಬಿಡುತ್ತದೆ. "ಸ್ವಲ್ಪ ಗಟ್ಟಿಯಾಗಿ ಹೇಳಪ್ಪ" ಎಂದ ತಾತನೇ ಮರುಕ್ಷಣದಲ್ಲಿ "ಯಾಕೆ ಹಾಗೆ ಕಿರುಚುತ್ತೀಯೆ, ನಾನೇನು ಕಿವುಡನೆ?" ಎಂದು ಗದರುವುದು ಈ ಕಾರಣದಿಂದ. ಅಲ್ಲದೆ ಕೂಗಿದಾಗ ಬಲ ತುಂಬಿಕೊಳ್ಳುವುದು ಸ್ವರಗಳು. ವ್ಯಂಜನಗಳು ಅವುಗಳಡಿಯಲ್ಲಿ ಮತ್ತಷ್ಟು ಮುಚ್ಚಿಹೋಗುತ್ತವೆ. ಕೂಗಿದಷ್ಟೂ ಅನ್ನ ಬೀಳುತ್ತದೆಯೇ ಹೊರತು ವ್ಯಂಜನ ಬೀಳುವುದಿಲ್ಲ.

ತುತ್ತೂರಿಯಿಂದ ಟ್ರಾನ್ಸಿಸ್ಟರಿಗೆ

ಕಿವಿಗೆ ಆಸರೆ ಕೊಡಲು ಮನುಷ್ಯ ಮೊದಲು ಹಿಡಿದುದು ಅಂಗೈಯನ್ನು, ಆಮೇಲೆ ತುತ್ತೂರಿಯನ್ನು. ಅಗಲವಾದ ಬಾಯಿಂದ ಶಬ್ದವನ್ನು ಕೂಡಿಸಿ ಕಿರಿದಾದ ತುದಿಯಿಂದ ಕಿವಿಗೆ ಇಳಿಸುವ ಈ ಸಾಧನವನ್ನು ಸಂಗೀತಕಾರ ಬೇಥೋವನ್ನನಿಗೆ ಅವನ ಸ್ನೇಹಿತ ಮೇಲ್ಟ್ಸೆಲ್ ಮಾಡಿಕೊಟ್ಟಿದ್ದನು. ಅವು ಈಗಲೂ ಜರ್ಮನಿಯ ಬಾನ್ ನಗರದಲ್ಲಿ ಬೇಥೋವನ್ ಹುಟ್ಟಿದ ಮನೆಯಲ್ಲಿವೆ. ರಾಕೆಟ್ಟಿನ ಗಣಿತವನ್ನು 1903ರಲ್ಲಿ ಪ್ರಕಟಿಸಿದ ರಷ್ಯದ ತ್ಸಿಯಾಲ್ಕಾವ್ಸ್ಕಿ ಬಾಲ್ಯದಲ್ಲಿ ಜ್ವರದಿಂದ ಕಿವಿ ಕಳೆದುಕೊಂಡವನು; ದೊಡ್ಡ ದೊಡ್ಡ ತಗಡಿನ ಆಲಿಕೆಗಳನ್ನು ತಾನೇ ಮಾಡಿಕೊಂಡು ಕಿವಿಗೆ ಹಿಡಿಯುತ್ತಿದ್ದನು. ಆದರೆ ಈ ಸಾಲಿನಲ್ಲಿ ನಮಗೆ ತುಂಬ ಮೆಚ್ಚುಗೆಯಾಗುವವಳು ಇಂಗ್ಲೆಂಡಿನ ಲೇಖಕಿ ಹ್ಯಾರಿಯೆಟ್ ಮಾರ್ಟಿನೋ. ಹದಿಹರೆಯದಲ್ಲಿಯೇ ಕಿವುಡಾದ ಈಕೆ ಕೈಯಲ್ಲಿ ತುತ್ತೂರಿ ಹಿಡಿದು 1834ರಲ್ಲಿ ಅಮೆರಿಕಕ್ಕೆ ಹೋಗಿ ಎರಡು ವರ್ಷ ಆ ದೇಶವನ್ನೆಲ್ಲ ಸುತ್ತಿ, ಕಂಡವರನ್ನೆಲ್ಲ ಮಾತನಾಡಿಸಿ, ಅಲ್ಲಿಯ ಸಮಾಜವನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದಳು. ಅದೇ 1834ರಲ್ಲಿ ಕಿವುಡರಿಗೆಂದೇ ಬರೆದು ಪ್ರಕಟಿಸಿದ ಬಹಿರಂಗ ಪತ್ರವೊಂದರಲ್ಲಿ, ನಾಚಿಕೆಯನ್ನು ಬಿಟ್ಟು ತುತ್ತೂರಿಯನ್ನು ಹಿಡಿಯಿರಿ ಎಂಬ ಬುದ್ಧಿಮಾತನ್ನು ಹೇಳಿದಳು. ತುತ್ತೂರಿಯನ್ನು ಬಚ್ಚಿಡುವುದು ಸಾಧ್ಯವಿಲ್ಲ. ಕೊಠಡಿಯಲ್ಲಿದ್ದವರೆಲ್ಲ ಅದನ್ನು ನೋಡಿಯೇ ನೋಡುತ್ತಾರೆ. ಅಂಥದನ್ನು ಹಿಡಿದು ಆಕೆ ತಲೆಯೆತ್ತಿ ನಡೆದಳು. ಇಂದಿನ ಸಾಧನ ಕಡಲೆಬೀಜದಷ್ಟಿದ್ದರೂ ನಾವು ಅದನ್ನು ಕೂದಲಿನ ಮರೆಯಲ್ಲಿ ಹುದುಗಿಸಲು ನೋಡುತ್ತೇವೆ.

ವಿದ್ಯುತ್ತಿನ ಶ್ರವಣಸಾಧನಕ್ಕೂ ಟೆಲಿಫೋನಿಗೂ ರಕ್ತಸಂಬಂಧವಿದೆಯೆನ್ನಬೇಕು. ಟೆಲಿಫೋನಿನ ನಿರ್ಮಾಪಕ ಅಲೆಗ್ಸಾಂಡರ್ ಗ್ರಹಾಂ ಬೆಲ್ಲನ ತಾಯಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹೆಂಡತಿಗೂ ಐದನೆಯ ವಯಸ್ಸಿನಿಂದ ಕೇಳಿಸುತ್ತಿರಲಿಲ್ಲ. 1898ರಲ್ಲಿ ಅಮೆರಿಕದ ಹಚಿಸನ್ ಎಂಬಾತ ಟೆಲಿಫೋನಿನ ಇಂಗಾಲದ ಮೈಕ್ರೊಫೋನನ್ನೇ ಬಳಸಿಕೊಂಡು ಮೊದಲ ವಿದ್ಯುತ್ ಸಾಧನವನ್ನು ರಚಿಸಿದನು. ಆಮೇಲೆ ನಿರ್ವಾತ ಕೊಳವೆಗಳ ಕಾಲ ಬಂದಿತು. 1947ರಲ್ಲಿ ಬೆಲ್ಲನ ಹೆಸರು ಹೊತ್ತ ಪ್ರಯೋಗಶಾಲೆಯಲ್ಲಿಯೇ ಟ್ರಾನ್ಸಿಸ್ಟರ್ ಹುಟ್ಟಿದಾಗ, ಅದನ್ನು ಶ್ರವಣಸಾಧನದಲ್ಲಿ ಬಳಸುವವರಿಂದ ಪೇಟೆಂಟಿನ ರಾಜಧನವನ್ನು ತೆಗೆದುಕೊಳ್ಳುವುದಿಲ್ಲವೆಂದು ಸಂಸ್ಥೆ ಸಾರಿತು. 1952ರ ಕೊನೆಯಲ್ಲಿ ಟ್ರಾನ್ಸಿಸ್ಟರುಳ್ಳ ಮೊದಲ ಶ್ರವಣಸಾಧನ ಅಂಗಡಿಗೆ ಬಂದಿತು. ಜೇಬಿನಲ್ಲಿಡುವ ಟ್ರಾನ್ಸಿಸ್ಟರ್ ರೇಡಿಯೊ ಬಂದುದು 1954ರಲ್ಲಿ. ಕಂಪ್ಯೂಟರಿಗೂ ಮೊಬೈಲಿಗೂ ಮೂಲವಾದ ಆ ಪುಟ್ಟ ವಸ್ತು ಜನಸಾಮಾನ್ಯರ ಬಳಕೆಗೆ ಬಂದಾಗ ಎಲ್ಲಕ್ಕಿಂತ ಮೊದಲು ಹೋಗಿ ಕುಳಿತುದು ಕಿವುಡರ ಕಿವಿಯಲ್ಲಿ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ನೆನಪಿಡಬೇಕು.

1990ರ ದಶಕದ ನಡುವಿನಿಂದೀಚೆಗೆ ಬಂದ ಅಂಕೀಯ ಸಾಧನಗಳು ಸದ್ದನ್ನು ಸುಮ್ಮನೆ ಹಿಗ್ಗಿಸುವುದಿಲ್ಲ. ಒಳಬಂದ ಧ್ವನಿಯನ್ನು ಸಂಖ್ಯೆಗಳಾಗಿ ಮಾರ್ಪಡಿಸಿ, ಸ್ಥಾಯಿಗನುಗುಣವಾಗಿ ಹಲವು ಪಟ್ಟಿಗಳಾಗಿ ವಿಂಗಡಿಸಿ, ಯಾವ ಪಟ್ಟಿಯಲ್ಲಿ ಎಷ್ಟು ಕೊರತೆಯಿದೆಯೋ ಅಷ್ಟನ್ನು ಮಾತ್ರ ತುಂಬುತ್ತವೆ. ಮೆಲುಸದ್ದನ್ನು ಹೆಚ್ಚಾಗಿಯೂ ಗಟ್ಟಿ ಸದ್ದನ್ನು ಕಡಿಮೆಯಾಗಿಯೂ ಹಿಗ್ಗಿಸಿ, ಆ ಕಿರಿದಾದ ಅಂತರದೊಳಗೆ ಎಲ್ಲವನ್ನೂ ಅಡಕಮಾಡುತ್ತವೆ. ಅಂದರೆ ಸತ್ತುಹೋದ ಹೊರಸಾಲಿನ ಕೋಶಗಳ ಕೆಲಸವನ್ನು ಒಂದು ಮಟ್ಟಿಗೆ ತಾವು ವಹಿಸಿಕೊಳ್ಳುತ್ತವೆ. ಆದುದರಿಂದಲೇ ಒಬ್ಬರ ಸಾಧನ ಇನ್ನೊಬ್ಬರಿಗೆ ಹೊಂದುವುದಿಲ್ಲ. ಶ್ರವಣತಜ್ಞರು ಕಿವಿಯನ್ನು ಪರೀಕ್ಷಿಸಿ, ನಕ್ಷೆ ಬರೆದು, ಅದಕ್ಕೆ ತಕ್ಕಂತೆ ಅಳವಡಿಸಬೇಕು. ನಮ್ಮ ನಾಡಿನಲ್ಲಿ ಈ ವಿದ್ಯೆಯ ಹೆಸರಾಂತ ಕೇಂದ್ರ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1966ರಿಂದ ಅದು ಕೆಲಸ ಮಾಡುತ್ತಿದೆ.

ಮಿದುಳು ಮರೆತ ಪಾಠ

ಇಷ್ಟೆಲ್ಲ ಜಾಣತನವುಳ್ಳ ಯಂತ್ರ ಮೊದಲ ದಿನ ಗದ್ದಲವನ್ನೇಕೆ ತರುತ್ತದೆ?

ಬಸ್ ನಿಲ್ದಾಣದ ಪಕ್ಕದ ಮನೆಗೆ ಬಾಡಿಗೆಗೆ ಹೋದವರನ್ನು ನೆನೆದುಕೊಳ್ಳಿರಿ. ಮೊದಲ ರಾತ್ರಿ ನಿದ್ರೆ ಬರುವುದಿಲ್ಲ. ತಿಂಗಳು ಕಳೆದ ಮೇಲೆ ಬಸ್ಸಿನ ಹಾರನ್ನಿಗೆ ಎಚ್ಚರವಾಗುವುದಿಲ್ಲ, ಮಗು ಮಿಸುಕಿದರೆ ಎಚ್ಚರವಾಗುತ್ತದೆ. ಕಿವಿಗೆ ಎರಡೂ ಬಿದ್ದಿವೆ. ಬೇಕಾದುದನ್ನು ಒಳಗೆ ಬಿಟ್ಟು ಬೇಡವಾದುದನ್ನು ಹೊರಗೆ ನಿಲ್ಲಿಸಿದುದು ಮಿದುಳಿನ ಬಾಗಿಲು ಕಾಯುವ ವ್ಯವಸ್ಥೆ. ನಾವು ಫ್ಯಾನಿನ ಕೆಳಗೆ ಕುಳಿತು ಪಾಠ ಕೇಳುವುದೂ ಗಿಜಿಗುಟ್ಟುವ ಮದುವೆಯ ಪಂಕ್ತಿಯಲ್ಲಿ ಪಕ್ಕದವರೊಡನೆ ಮಾತನಾಡುವುದೂ ಈ ಕಾವಲಿನ ಬಲದಿಂದಲೇ.

ಕಿವಿ ಮಂದವಾಗಿ ವರ್ಷಗಟ್ಟಲೆ ಸಂದವರ ಮಿದುಳಿಗೆ ಫ್ಯಾನಿನ ಸದ್ದು ಬರುವುದೇ ನಿಂತಿರುತ್ತದೆ. ಬರದ ಅತಿಥಿಗೆ ಕಾವಲೇಕೆ? ಕಾವಲುಗಾರನು ಆ ಕೆಲಸವನ್ನು ಮರೆತಿದ್ದಾನೆ. ಈಗ ಸಾಧನವನ್ನು ತೊಟ್ಟೊಡನೆ ಮರೆತುಹೋದ ಸದ್ದುಗಳೆಲ್ಲ ಒಟ್ಟಿಗೆ ಬಾಗಿಲಿಗೆ ನುಗ್ಗುತ್ತವೆ. ಯಾವುದು ಮುಖ್ಯ, ಯಾವುದು ಅಲ್ಲ ಎಂಬುದು ಅವನಿಗೆ ತಿಳಿಯದು. ಎಲ್ಲವೂ ಸಮನಾಗಿ ಗಟ್ಟಿ, ಎಲ್ಲವೂ ಸಮನಾಗಿ ಹೊಸತು. ಹೊಸದಾಗಿ ಮರಳಿದ 'ಸ'ಕಾರವಂತೂ ಹಾವಿನ ಬುಸುಗುಟ್ಟುವಿಕೆಯಂತೆ ಕೇಳಿಸುತ್ತದೆ. ಆದುದರಿಂದ ಮೊದಲ ವಾರಗಳ ಈ ಗದ್ದಲ ಬಹುಮಟ್ಟಿಗೆ ಯಂತ್ರದ ದೋಷವಲ್ಲ, ಕಲಿಕೆಯ ಮೊದಲ ಪುಟ.

ಈ ಪುಟವನ್ನು ದಾಟಲು ಇರುವ ದಾರಿ ಸಾಧನವನ್ನು ತೊಟ್ಟುಕೊಂಡಿರುವುದು. ಮದುವೆ ಮುಂಜಿಗಳಿಗೆ ಮಾತ್ರ ಒಡವೆಯಂತೆ ತೊಡುವವರು ಎಂದಿಗೂ ಕಲಿಯುವುದಿಲ್ಲ, ಏಕೆಂದರೆ ಅವರು ಆರಿಸಿಕೊಂಡಿರುವುದು ಅತ್ಯಂತ ಕಠಿನವಾದ ಪರೀಕ್ಷೆಯನ್ನು. ಮೊದಲು ಮನೆಯಲ್ಲಿ, ಗದ್ದಲವಿಲ್ಲದ ಕೋಣೆಯಲ್ಲಿ, ಒಬ್ಬರೊಡನೆ ಮಾತು, ಕೆಲವು ದಿನಗಳ ಮೇಲೆ ಇಬ್ಬರು ಮೂವರೊಡನೆ, ಆಮೇಲೆ ಬೀದಿ, ಅಂಗಡಿ, ಕಟ್ಟಕಡೆಗೆ ಕಲ್ಯಾಣಮಂಟಪ. ಮೊಮ್ಮಕ್ಕಳು ಮಾಡಬಹುದಾದ ಒಂದು ಸೊಗಸಾದ ಸಹಾಯವಿದೆ. ಪುಸ್ತಕದ ಒಂದು ಪುಟವನ್ನು ತಾತನಿಗೋ ಅಜ್ಜಿಗೋ ಎದುರು ಕುಳಿತು ಗಟ್ಟಿಯಾಗಿ ಓದಿ ಹೇಳುವುದು; ಅವರು ಅದೇ ಪುಟದ ಇನ್ನೊಂದು ಪ್ರತಿಯಲ್ಲಿ ಬೆರಳಿಟ್ಟು ಅನುಸರಿಸುತ್ತ ಕೇಳುವುದು. ಕಣ್ಣು ಅಕ್ಷರವನ್ನು ತೋರಿಸುತ್ತದೆ, ಕಿವಿ ಅದರ ಹೊಸ ಧ್ವನಿಯನ್ನು ಕೂಡಿಸಿಕೊಳ್ಳುತ್ತದೆ. ಐದನೆಯ ವಯಸ್ಸಿನಲ್ಲಿ ಅಕ್ಕಿಯ ಮೇಲೆ ಬೆರಳಿಂದ ತಿದ್ದಿ ಧ್ವನಿಗೆ ಅಕ್ಷರವನ್ನು ಕಲಿತವರು ಎಪ್ಪತ್ತನೆಯ ವಯಸ್ಸಿನಲ್ಲಿ ಅಕ್ಷರಕ್ಕೆ ಧ್ವನಿಯನ್ನು ಕಲಿಯುತ್ತಾರೆ. ಇದಕ್ಕೆ ಕೆಲವರಿಗೆ ಕೆಲವು ವಾರಗಳು ಸಾಕು, ಕೆಲವರಿಗೆ ಕೆಲವು ತಿಂಗಳುಗಳು ಬೇಕು. ಹಾಗೆಂದು ಎಲ್ಲವನ್ನೂ ಸಹಿಸಿಕೊಂಡಿರಬೇಕೆಂದು ಅರ್ಥವಲ್ಲ. ಕಿವಿಯಲ್ಲಿ ನೋವಾದರೆ, ಸದ್ದು ಚುಚ್ಚುವಂತಿದ್ದರೆ, ತಜ್ಞರ ಬಳಿಗೆ ಹಿಂದಿರುಗಿ ಅಳವಡಿಕೆಯನ್ನು ತಿದ್ದಿಸಿಕೊಳ್ಳಬೇಕು. ಒಂದೇ ಭೇಟಿಯಲ್ಲಿ ಸರಿಹೋಗುವುದು ಅಪರೂಪ.

ತಮ್ಮದೇ ಧ್ವನಿ ಕೊಡದೊಳಗಿನದಾಗಿ ಕೇಳಿಸುವುದಕ್ಕೆ ಕಾರಣ ಮಾತ್ರ ಬೇರೆ. ಅದನ್ನು ವಾಚಕರು ಈಗಲೇ ಪ್ರಯೋಗ ಮಾಡಿ ನೋಡಬಹುದು. ಎರಡು ಕಿವಿಗಳನ್ನೂ ಬೆರಳಿನಿಂದ ಮುಚ್ಚಿಕೊಂಡು 'ಆ' ಎನ್ನಿರಿ, ಅನಂತರ 'ಈ' ಎನ್ನಿರಿ. 'ಈ'ಕಾರ ತಲೆಯೊಳಗೆಲ್ಲ ಗುಂಯ್‌ಗುಡುತ್ತದೆ. ನಮ್ಮ ಧ್ವನಿಯ ಒಂದು ಭಾಗ ಮೂಳೆಗಳ ಮೂಲಕ ಕಿವಿಯ ಕಾಲುವೆಯನ್ನು ಸೇರಿ ಸಾಮಾನ್ಯವಾಗಿ ಹೊರಗೆ ಹೋಗಿಬಿಡುತ್ತದೆ. ಬಾಯಿ ಮುಚ್ಚಿದರೆ ಅದು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಸಾಧನದ ಕಿವಿಯಚ್ಚಿನಲ್ಲಿ ಚಿಕ್ಕ ರಂಧ್ರವನ್ನಿಟ್ಟರೆ ಈ ತೊಂದರೆ ಬಹಳಷ್ಟು ಇಳಿಯುತ್ತದೆ. ರಂಧ್ರ ದೊಡ್ಡದಾದರೆ ಒಳಗಿನ ಸದ್ದು ಹೊರಗೆ ಸೋರಿ ಮತ್ತೆ ಮೈಕ್ರೊಫೋನನ್ನು ಸೇರಿ, ಸಭೆಯಲ್ಲಿ ಮೈಕು ಅರಚುವಂತೆ ಸಾಧನ ಶಿಳ್ಳು ಹಾಕತೊಡಗುತ್ತದೆ. ಎರಡರ ನಡುವೆ ಹದ ಹಿಡಿಯುವುದು ತಜ್ಞರ ಕೈಗುಣ.

ಹದಿನೈದು ಇಪ್ಪತ್ತು ದಿನಗಳು ಕಳೆದಂತೆ ಒಂದೊಂದಾಗಿ ಸದ್ದುಗಳು ತಮ್ಮ ತಮ್ಮ ಸ್ಥಳಕ್ಕೆ ಹೋಗಿ ಕುಳಿತುಕೊಳ್ಳತೊಡಗುತ್ತವೆ. ಫ್ಯಾನು ಮರೆತುಹೋಗುತ್ತದೆ. ಒಗ್ಗರಣೆಯ ಸಾಸಿವೆ ಸಿಡಿಯುವುದು ಕೇಳಿಸಿ, ಊಟಕ್ಕೆ ಹೊತ್ತಾಯಿತೆಂದು ಕರೆಯುವ ಮೊದಲೇ ತಿಳಿಯುತ್ತದೆ. ಹೆಂಚಿನ ಮೇಲೆ ಮೊದಲ ಮಳೆಹನಿ, ಹಿಂದಿನಿಂದ ಬರುವವರ ಚಪ್ಪಲಿಯ ಸದ್ದು, ರೇಷ್ಮೆ ಸೀರೆಯ ಸರಸರ, ಮಗುವಿನ ಕಾಲಂದುಗೆ, ಸಂಜೆಯ ಚಿಮ್ಮಂಡೆ: ಇವೆಲ್ಲ ಬಹುಮಟ್ಟಿಗೆ ಹೆಚ್ಚಿನ ಸ್ಥಾಯಿಯ ಮೆಲುಸದ್ದುಗಳು. ಆದುದರಿಂದಲೇ ಇವು ಎಲ್ಲಕ್ಕೂ ಮೊದಲು ಹೇಳದೆ ಕೇಳದೆ ಹೊರಟುಹೋಗಿದ್ದವು. ಚಿಮ್ಮಂಡೆಗಳು ಹಾಡುವುದನ್ನೇ ಬಿಟ್ಟಿವೆಯೆಂದು ಎಷ್ಟೋ ವರ್ಷಗಳಿಂದ ನಂಬಿದ್ದವರೂ ಇರಬಹುದು. ಅವು ಬಿಟ್ಟಿರಲಿಲ್ಲ.

ಸಂಗೀತ ಸ್ವಲ್ಪ ಹಿಂದೆ ಬೀಳುತ್ತದೆ ಎಂಬುದನ್ನು ಮರೆಮಾಚಬಾರದು. ಸಾಧನಗಳನ್ನು ರೂಪಿಸಿರುವುದು ಮುಖ್ಯವಾಗಿ ಮಾತಿಗಾಗಿ. ಶಿಳ್ಳನ್ನು ಅಡಗಿಸಲೆಂದು ಒಳಗೆ ಒಂದು ವ್ಯವಸ್ಥೆಯಿರುತ್ತದೆ. ಸ್ಥಿರವಾದ, ನೀಳವಾದ ನಾದವನ್ನು ಕಂಡರೆ ಅದು ಶಿಳ್ಳೆಂದು ಬಗೆದು ಮುರಿಯಲು ಹೋಗುತ್ತದೆ. ಕೊಳಲಿನ ದೀರ್ಘಸ್ವರಕ್ಕೆ ಇದರಿಂದ ಅನ್ಯಾಯವಾಗುವುದುಂಟು! ಅದಕ್ಕಾಗಿ ಈಗ ಹಲವು ಸಾಧನಗಳಲ್ಲಿ ಸಂಗೀತಕ್ಕೆಂದು ಬೇರೆ ಅಳವಡಿಕೆಯನ್ನು ಇಟ್ಟಿರುತ್ತಾರೆ. ಕಛೇರಿಗೆ ಹೋಗುವ ಅಭ್ಯಾಸವುಳ್ಳವರು ತಜ್ಞರನ್ನು ಕೇಳಿ ಅದನ್ನು ಹಾಕಿಸಿಕೊಳ್ಳಬೇಕು. ಕಲ್ಯಾಣಮಂಟಪದ ಗದ್ದಲದಲ್ಲಿ ಮಾತನ್ನು ಹಿಡಿಯುವುದೂ ಕೊನೆಯವರೆಗೆ ಕಷ್ಟವಾಗಿಯೇ ಉಳಿಯುತ್ತದೆ. ಕನ್ನಡಕದಂತೆ ಕೊರತೆಯನ್ನು ಪೂರ್ತಿಯಾಗಿ ನೀಗಿಸುವ ಶ್ರವಣಸಾಧನ ಇನ್ನೂ ಹುಟ್ಟಿಲ್ಲ.

ಮಾತನಾಡುವವರ ಪಾಲು

ಈ ಕೊರತೆಯನ್ನು ತುಂಬಬಲ್ಲವರು ಎದುರಿಗಿರುವ ನಾವು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಧ್ವನಿಯ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆಂದು ಭೌತಶಾಸ್ತ್ರದ ತರಗತಿಯಲ್ಲಿ ಓದಿದ್ದೇವೆ. ನಾಲ್ಕು ಮಾರು ದೂರದಿಂದ ಕೂಗುವ ಬದಲು ಒಂದು ಮಾರಿನಷ್ಟು ಹತ್ತಿರ ಬಂದು ಮಾತನಾಡಿದರೆ ಎಷ್ಟು ಲಾಭವೆಂದು ಲೆಕ್ಕ ಹಾಕಿರಿ. ಅಷ್ಟನ್ನು ಯಾವ ಬೆಲೆಯ ಯಂತ್ರವೂ ಗದ್ದಲದ ನಡುವೆ ಕೊಡಲಾರದು. ಅಡಿಗೆಯ ಮನೆಯಿಂದ ನಡುಮನೆಗೆ ಪ್ರಶ್ನೆ ಎಸೆಯುವ ನಮ್ಮ ಹಳೆಯ ಅಭ್ಯಾಸವನ್ನು ಬಿಡಬೇಕು. ಮೊದಲು ಹೆಸರು ಹಿಡಿದೋ "ಅಜ್ಜೀ" ಎಂದೋ ಕರೆದು, ಅವರು ನಮ್ಮತ್ತ ತಿರುಗಿದ ಮೇಲೆ ಮಾತು ಆರಂಭವಾಗಬೇಕು. ಬೆಳಕು ನಮ್ಮ ಮುಖದ ಮೇಲೆ ಬೀಳುವಂತೆ ನಿಲ್ಲಬೇಕು.

ಮುಖ ಕಾಣಿಸಬೇಕೆಂಬುದರಲ್ಲಿ ಸೊಗಸಾದ ಒಂದು ವಿಷಯ ಅಡಗಿದೆ. ಪ, ಬ, ಮ ಮೂರನ್ನೂ ಕನ್ನಡಿಯ ಮುಂದೆ ಸದ್ದಿಲ್ಲದೆ ಹೇಳಿ ನೋಡಿರಿ. ತುಟಿಗಳನ್ನು ನೋಡಿ ಯಾವುದು ಯಾವುದೆಂದು ಹೇಳಲಾಗುವುದಿಲ್ಲ. ಆದರೆ 'ಪ' ಬೇರೆ, 'ತ' ಬೇರೆ ಎಂಬುದು ಕಣ್ಣಿಗೆ ಕೂಡಲೇ ತಿಳಿಯುತ್ತದೆ. ಮಂದವಾದ ಕಿವಿಯದು ಇದಕ್ಕೆ ತದ್ವಿರುದ್ಧ. ಅದಕ್ಕೆ 'ಪ'ಕಾರಕ್ಕೂ 'ತ'ಕಾರಕ್ಕೂ ಇರುವ ಭೇದ ತಿಳಿಯುವುದಿಲ್ಲ. 'ಪ'ಕಾರಕ್ಕೂ 'ಮ'ಕಾರಕ್ಕೂ ಇರುವ ಭೇದ, ಅದು ತಗ್ಗಿನ ಸ್ಥಾಯಿಯದಾದ್ದರಿಂದ, ತಿಳಿಯುತ್ತದೆ. ಕಿವಿ ಕಳೆದುಕೊಂಡುದನ್ನೇ ಕಣ್ಣು ಕೊಡುತ್ತದೆ, ಕಣ್ಣು ಕಾಣಲಾರದುದನ್ನು ಕಿವಿ ಇನ್ನೂ ಹಿಡಿದಿಟ್ಟುಕೊಂಡಿದೆ. ಒಂದು ಸಲ ಹೇಳಿದ ಮಾತು ತಿಳಿಯದಿದ್ದರೆ ಅದನ್ನೇ ಮತ್ತೆ ಮತ್ತೆ ಕೂಗದೆ ಬೇರೆ ಪದಗಳಲ್ಲಿ ಹೇಳಬೇಕು. "ಹಾಲು ಎಲ್ಲಿಗೆ ಬಂತು" ಎಂಬುದು ದಾಟದಿದ್ದರೆ "ಒಲೆಯ ಮೇಲಿನ ಹಾಲು ಉಕ್ಕುತ್ತಿದೆಯೇ ನೋಡಿ" ಎನ್ನಬಹುದು. "ಏನೂ ಇಲ್ಲ ಬಿಡಿ" ಎಂಬ ಮಾತನ್ನಂತೂ ಆಡಲೇಬಾರದು. ಅದನ್ನು ಕೇಳಿದವರು ಮುಂದಿನ ಸಲ ಪ್ರಶ್ನೆಯನ್ನೇ ಕೇಳುವುದಿಲ್ಲ.

ಜಗತ್ತಿನಲ್ಲಿ ಶ್ರವಣಸಾಧನದಿಂದ ಪ್ರಯೋಜನ ಪಡೆಯಬಹುದಾದ ನೂರು ಜನರಲ್ಲಿ ಅದನ್ನು ಬಳಸುತ್ತಿದ್ದವರು 17 ಮಂದಿ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಂದಾಜುಮಾಡಿತು. ಉಳಿದವರಲ್ಲಿ ಬಹುಮಂದಿಗೆ ಬೆಲೆಯೂ ದೂರವೂ ಅಡ್ಡಿ; ಭಾರತದಲ್ಲಿ ಅಂಗವಿಕಲರಿಗೆ ಸಾಧನಗಳನ್ನು ಒದಗಿಸುವ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಕಡಿಮೆ ವರಮಾನದವರಿಗೆ ಶ್ರವಣಸಾಧನವೂ ದೊರೆಯುತ್ತದೆ. ನಾಚಿಕೆಗೆ ಮಾತ್ರ ಯಾವ ಯೋಜನೆಯೂ ಇಲ್ಲ. ಶಾಲೆಯ ಹುಡುಗ ಹುಡುಗಿಯರಲ್ಲಿ ಈ ನಾಚಿಕೆ ಇನ್ನೂ ಹೆಚ್ಚು. ಇಂದು ಅವರ ಕೈಯಲ್ಲಿರುವ ಮೊಬೈಲು ಇನ್ನೊಂದು ಮೊಬೈಲಿಗೆ ಸುದ್ದಿ ಮುಟ್ಟಿಸುವ ಇಂಟರ್‌ನೆಟ್ಟಿನ ನಿಯಮಾವಳಿಯನ್ನು 1974ರಲ್ಲಿ ಜೊತೆಗಾರ ರಾಬರ್ಟ್ ಕಾನ್‌ನೊಡನೆ ರೂಪಿಸಿ ಪ್ರಕಟಿಸಿದ ವಿಂಟನ್ ಸರ್ಫ್, ಹದಿಮೂರನೆಯ ವಯಸ್ಸಿನಿಂದ ಎರಡು ಕಿವಿಗಳಲ್ಲಿಯೂ ಶ್ರವಣಸಾಧನ ತೊಟ್ಟವರು. ಅದೇ ತರಗತಿಯಲ್ಲಿ ಇನ್ನೆಷ್ಟೋ ಮಂದಿ ಹಾಡು ಕೇಳಲೆಂದು ಕಿವಿಗೆ ಬಿಳಿಯ ಗುಂಡಿಗಳನ್ನು ಸಿಕ್ಕಿಸಿಕೊಂಡು ಹೆಮ್ಮೆಯಿಂದ ತಿರುಗುತ್ತಾರೆ. ಆ ಗುಂಡಿಗಳ ಅಬ್ಬರವೇ ಒಂದು ದಿನ ಇನ್ನೊಂದು ಬಗೆಯ ಗುಂಡಿಗೆ ದಾರಿ ಮಾಡೀತು: 80 ಡೆಸಿಬೆಲ್ ಮಟ್ಟದ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದಾದರೆ, 90 ಡೆಸಿಬೆಲ್ ಮಟ್ಟದ್ದನ್ನು ವಾರಕ್ಕೆ 4 ಗಂಟೆ ಮಾತ್ರ ಎಂದು ಆ ಸಂಸ್ಥೆಯೇ ಹೇಳುತ್ತದೆ.

ಇನ್ನು ಸಾಧನದ ಆರೈಕೆ. ಅದಕ್ಕೆ ಶತ್ರುಗಳು ಎರಡು: ಕಿವಿಯ ಗುಗ್ಗೆ ಮತ್ತು ತೇವ. ಗುಗ್ಗೆ ಸದ್ದು ಹೊರಡುವ ರಂಧ್ರವನ್ನು ಮುಚ್ಚಿಬಿಟ್ಟರೆ ಯಂತ್ರ ಸತ್ತಿತೆಂದು ತೋರುತ್ತದೆ. ಮೆತ್ತನೆಯ ಕುಂಚದಿಂದ ದಿನವೂ ಒರಸಿದರೆ ಸಾಕು. ಮಲೆನಾಡಿನ ಮಳೆಗಾಲದಲ್ಲಿಯೂ ಕರಾವಳಿಯ ಸೆಕೆಯಲ್ಲಿಯೂ ತೇವದ ಭಯ ಹೆಚ್ಚು. ಸ್ನಾನಕ್ಕೆ ಮೊದಲು ತೆಗೆದಿಡಬೇಕು. ಸತು ಮತ್ತು ಗಾಳಿಯಿಂದ ನಡೆಯುವ ಗುಂಡಿಯಂಥ ಬ್ಯಾಟರಿಯಾದರೆ ಅದರ ಮೇಲಿನ ಬಣ್ಣದ ಚೀಟಿಯನ್ನು ಬೇಕಾದಾಗಲೇ ಕೀಳಬೇಕು. ಕಿತ್ತೊಡನೆ ಸಣ್ಣ ರಂಧ್ರಗಳಿಂದ ಗಾಳಿ ಒಳಹೊಕ್ಕು ರಸಾಯನಕ್ರಿಯೆ ಆರಂಭವಾಗುತ್ತದೆ, ಚೀಟಿಯನ್ನು ಮತ್ತೆ ಅಂಟಿಸಿ ಅದನ್ನು ನಿಲ್ಲಿಸಿಡಲಾಗುವುದಿಲ್ಲ. ರಾತ್ರಿ ಮಲಗುವಾಗ ಸಾಧನವನ್ನು ಕಳಚಿ, ಬ್ಯಾಟರಿಯ ಬಾಗಿಲನ್ನು ತೆರೆದು, ತೇವ ಹೀರುವ ಸಿಲಿಕ ಹರಳುಗಳಿರುವ ಡಬ್ಬಿಯಲ್ಲಿಡುವುದು ಒಳ್ಳೆಯದು. ಆಗ ಬೀದಿಯ ಧ್ವನಿವರ್ಧಕ ಎಷ್ಟು ಅರಚಿದರೂ ಮನೆಯಲ್ಲಿ ಸುಖವಾಗಿ ನಿದ್ರೆ ಮಾಡಬಲ್ಲವರು ತಾತನವರೊಬ್ಬರೇ.